ದಿನಾಂಕ ನಂತರ ತಿಳಿಸಲಾಗುವುದು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ಈ ನಾಲ್ಕೂ ಊರಿಗೆ ಇನ್ನೂ ರೈಲು ಬಂದಿಲ್ಲ. ಸಂಚಾಲಕರು ಮಾತ್ರ ಎಂದೋ ಬಂದುಬಿಟ್ಟಿದ್ದಾರೆ. ಒಂದೂರಲ್ಲಿ ಅವರು ನಿವೃತ್ತ ಹೈಸ್ಕೂಲು ಮಾಸ್ತರರು, ಇನ್ನೊಂದೂರಲ್ಲಿ ವಿಮಾ ಏಜೆಂಟರು, ಮತ್ತೊಂದರಲ್ಲಿ ಹತ್ತಿಯ ಅಡತಿ ಅಂಗಡಿಯ ಹಳೇ ಗುಮಾಸ್ತರು. ಹೆಸರು ಹೇಳುವುದಿಲ್ಲ. ಹೇಳಿದರೆ ಒಬ್ಬರಿಗೆ ಸಿಟ್ಟು ಬರುತ್ತದೆ, ತಮ್ಮ ಹೆಸರು ಬಿಟ್ಟರೆಂದು ಉಳಿದವರಿಗೆ ಅದಕ್ಕಿಂತ ದೊಡ್ಡ ಸಿಟ್ಟು ಬರುತ್ತದೆ. ಉದ್ಯೋಗ ಯಾವುದಿದ್ದರೂ ಮನುಷ್ಯ ಒಂದೇ ನಮೂನೆ. ಹೆಗಲಿಗೆ ಕರಿ ರೆಗ್ಝಿನ್ ಬ್ಯಾಗು, ಕಿಸೆಯಲ್ಲಿ ಎರಡು ಪೆನ್ನು, ಬಾಯಲ್ಲಿ ‘ಒಮ್ಮಿ ಎಲ್ಲಾರೂ ಕೂಡೂಣ್ರಿ’ ಎಂಬ ಮಾತು.

ನಾಲ್ಕೂ ತಾಲೂಕಿನ ಪುಸ್ತಕಪ್ರೇಮಿಗಳು ಒಂದು ದಿನ ಒಂದು ಕಡೆ ಕೂಡಬೇಕು, ಮುಖ ನೋಡಬೇಕು, ಓದಿದ್ದನ್ನು ಮಾತಾಡಬೇಕು, ಉಂಡು ಹೋಗಬೇಕು. ಅವರ ಆಸೆ ಇಷ್ಟೇ. ಇಷ್ಟಕ್ಕೆ ಅವರು ನಡೆಸುವ ತಯಾರಿ ಕಂಡರೆ ಸಾಹಿತ್ಯ ಸಮ್ಮೇಳನ ಮಾಡುವವರೂ ಒಂದು ಹೆಜ್ಜೆ ಹಿಂದೆ ಸರಿಯಬೇಕು. 2003ರಲ್ಲಿ ಬೆಳಗಾವಿಯಲ್ಲಿ ಪಾಟೀಲ ಪುಟ್ಟಪ್ಪನವರ ಅಧ್ಯಕ್ಷತೆಯಲ್ಲಿ ಸಮ್ಮೇಳನ ನಡೆದಾಗ ಸಂಚಾಲಕರು ಊಟದ ಪೆಂಡಾಲಿನಲ್ಲಿ ಸ್ವಯಂಸೇವಕರಾಗಿದ್ದರು. ಆ ಬಿಲ್ಲೆ ಇಂದಿಗೂ ಬ್ಯಾಗಿನಲ್ಲಿದೆ. ಗೋಷ್ಠಿಗಳಲ್ಲಿ ಯಾರು ಏನು ಮಾತಾಡಿದರೆಂದು ಕೇಳಿದರೆ, ‘ನಾ ಸಾರಿನ ಕಡೆ ಇದ್ದೆ’ ಎನ್ನುತ್ತಾರೆ.

ಓದುಗರನ್ನು ಹಿಡಿಯುವ ಅವರ ಬಗೆಯೇ ಬೇರೆ. ಬಸ್ಸಿನಲ್ಲಿ ಯಾರ ಕೈಯಲ್ಲಾದರೂ ಪುಸ್ತಕ ಕಂಡರೆ ಸಾಕು, ಎರಡು ಸೀಟು ದಾಟಿ ಬಂದು ಪಕ್ಕದಲ್ಲಿ ಕೂಡುತ್ತಾರೆ.

‘ಯಾವ ಊರ್ರಿ ತಮ್ಮದು?’

‘ಮುನವಳ್ಳಿ ರೀ.’

‘ಕಾದಂಬರಿ ಏನ್ರಿ?’

‘ಅಲ್ರಿ, ಪಿಎಸ್‌ಐ ಪರೀಕ್ಷಾದ ಗೈಡ್ ಐತ್ರಿ.’

ಸಂಚಾಲಕರು ಎದೆಗುಂದುವುದಿಲ್ಲ. ‘ಇರ್ಲಿ ತಗೋರಿ. ನೌಕರಿ ಹತ್ತಿದ ಮ್ಯಾಲೆ ಕಾದಂಬರಿ ಓದಾಕ ಬೇಕಾದಷ್ಟು ಟೈಮ್ ಸಿಗತೈತಿ. ನಂಬರ್ ಹೇಳ್ರಿ.’

ನಂಬರು ಉದ್ದನೆಯ ರಿಜಿಸ್ಟರಿಗೆ ಹೋಗುತ್ತದೆ. ಆ ರಿಜಿಸ್ಟರು ಬ್ಯಾಗಿನಲ್ಲಿರುವ ಆಸ್ತಿಯಲ್ಲಿ ಒಂದು ಭಾಗ ಮಾತ್ರ. ಉಳಿದದ್ದೆಂದರೆ ಲೆಟರ್‌ಪ್ಯಾಡು, ಶಿಕ್ಕಾ, ಶಿಕ್ಕಾದ ಮಸಿ ಪ್ಯಾಡು, ಪಾವತಿ ಪುಸ್ತಕ, ಸೂಜಿ-ದಾರ, ಅಂಟುಪಟ್ಟಿ, ಊದಿನಕಡ್ಡಿ, ಕಡ್ಡಿಪೆಟ್ಟಿಗೆ, ದೀಪಕ್ಕೆಂದು ಔಷಧಿ ಶೀಸೆಯಲ್ಲಿ ಎಣ್ಣೆ, ಒಂದು ಪೆನ್ಸಿಲು, ಒಂದು ರಬ್ಬರು. ಪೆನ್ಸಿಲು, ರಬ್ಬರು ಯಾಕೆಂದರೆ ಅತಿಥಿಗಳ ಹೆಸರನ್ನು ಪೆನ್ನಿನಲ್ಲಿ ಬರೆಯುವ ತಪ್ಪನ್ನು ಅನುಭವಸ್ಥ ಸಂಚಾಲಕ ಯಾರೂ ಮಾಡುವುದಿಲ್ಲ. ಅತಿಥಿಗಳು ಕೊನೇ ಗಳಿಗೆಯಲ್ಲಿ ‘ಬೆಂಗಳೂರಿಗೆ ಹೊಂಟೇನಿ’ ಎನ್ನುವುದುಂಟು. ಓದಲಿಕ್ಕೆ ಒಂದು ಪುಸ್ತಕ ಮಾತ್ರ ಬ್ಯಾಗಿನಲ್ಲಿ ನಾನು ಕಂಡಿಲ್ಲ. ಒಮ್ಮೆ ಕೇಳಿಯೇಬಿಟ್ಟೆ, ‘ಸರ, ನೀವು ಈಗ ಏನ್ ಓದಾಕತ್ತೀರಿ?’

‘ನಾನೂ ಓದಾಕ ಕುಂತರ ಇದನ್ನೆಲ್ಲಾ ಯಾರ್ ಮಾಡೂದ್ರಿ?’ ಎಂದರು. ಇದಕ್ಕೆ ಇಂದಿಗೂ ನನ್ನ ಬಳಿ ಉತ್ತರವಿಲ್ಲ. ಅವರು ಓದುವುದಕ್ಕೆ ಹತ್ತಿದರೆ ನಾವು ಯಾರೂ ಒಬ್ಬರ ಮುಖ ಒಬ್ಬರು ಕಾಣುವುದಿಲ್ಲ ಎಂಬುದು ನಿಜವೇ.

ಸ್ನೇಹಕೂಟಕ್ಕಿಂತ ಮೊದಲು ಪೂರ್ವಭಾವಿ ಸಭೆ. ಬೈಲಹೊಂಗಲದ ಒಂದು ಚಹಾದಂಗಡಿಯ ಹಿಂದಿನ ಬಾಕಿನಲ್ಲಿ ಅದು ಸೇರುತ್ತದೆ. ಮೊದಲ ವಿಷಯ ದಿನಾಂಕ. ಎರಡನೇ ವಿಷಯಕ್ಕೆ ಸಭೆ ಹೋದದ್ದನ್ನು ಕಂಡವರು ಕಡಿಮೆ. ಗೋಡೆಗೆ ತೂಗಿದ ಕ್ಯಾಲೆಂಡರು ಇಳಿಸಿ ಟೇಬಲ್ಲಿನ ಮೇಲೆ ಹಾಸುತ್ತಾರೆ. ಚಹಾದ ಬಟ್ಟಲಿನ ಗುರುತು ಬಿದ್ದ ರವಿವಾರಗಳನ್ನು ಮೊದಲು ಬಿಡುತ್ತಾರೆ. ಅವು ಹೋದ ವರ್ಷ ತಪ್ಪಿದ ದಿನಾಂಕಗಳು ಎಂಬ ಅನುಮಾನ ನನಗಿದೆ, ಯಾಕೆಂದರೆ ಕ್ಯಾಲೆಂಡರೂ ಹೋದ ವರ್ಷದ್ದೇ.

ಅಕ್ಟೋಬರ್ ಹಿಡಿಯೋಣವೆಂದರೆ 23ರಿಂದ 25ರ ತನಕ ಕಿತ್ತೂರು ಉತ್ಸವ. ‘ಆವಾಗ ಕಿತ್ತೂರಿನವ್ರು ಮನಿ ಬಿಟ್ಟು ಹೊರಗ ಬರೂದಿಲ್ಲ, ಹೊರಗಿನವ್ರು ಕಿತ್ತೂರಿನ್ಯಾಗ ಹೋಗಾಕ ಆಗೂದಿಲ್ಲ.’ ಥ್ಯಾಕರೆ ಸಾಹೇಬ 1824ರ ಅಕ್ಟೋಬರ್ 23ರಂದು ಚೆನ್ನಮ್ಮನ ಕೋಟೆಯ ಮೇಲೆ ಏರಿ ಬಂದು ಸತ್ತ. ಆತ ಒಂದು ತಿಂಗಳು ತಡೆದು ಬಂದಿದ್ದರೆ ನಮಗೆ ಅಕ್ಟೋಬರ್ ಖಾಲಿ ಸಿಗುತ್ತಿತ್ತು. ಆದರೆ ನವೆಂಬರ್ ಹೋಗುತ್ತಿತ್ತು. ನವೆಂಬರ್ ಹೇಗೂ ಇಲ್ಲ. ರಾಜ್ಯೋತ್ಸವದ ತಿಂಗಳಲ್ಲಿ ಕನ್ನಡದ ಭಾಷಣಕಾರರು ಸಿಗುವುದಿಲ್ಲ, ಸಿಕ್ಕರೂ ಗಂಟಲು ಉಳಿದಿರುವುದಿಲ್ಲ. ಡಿಸೆಂಬರಿನಲ್ಲಿ ಗೊಡಚಿ ವೀರಭದ್ರನ ಜಾತ್ರೆ, ರಾಮದುರ್ಗದವರು ಬಳವಲಹಣ್ಣು ಬಿಟ್ಟು ಪುಸ್ತಕಕ್ಕೆ ಬರುವವರಲ್ಲ. ಜನವರಿಯಲ್ಲಿ ಸಂಗೊಳ್ಳಿ ಉತ್ಸವ, ಬನದ ಹುಣ್ಣಿಮೆ. ಫೆಬ್ರವರಿಯಲ್ಲಿ ಭಾರತ ಹುಣ್ಣಿಮೆ. ಮಾರ್ಚಿನಲ್ಲಿ ಮಕ್ಕಳಿಗೆ ಪರೀಕ್ಷೆ, ಮಾಸ್ತರರಿಗೆ ಡ್ಯೂಟಿ. ಏಪ್ರಿಲ್‌ನಲ್ಲಿ ದವನದ ಹುಣ್ಣಿಮೆ, ಮೇಲೆ ಮದುವೆಗಳು. ಮೇ ಬಿಸಿಲು. ಜೂನ್ ಬಿತ್ತಿಗೆ. ಶ್ರಾವಣದಲ್ಲಿ ಮಠಗಳಲ್ಲಿ ಪುರಾಣ. ಸೆಪ್ಟೆಂಬರಿನಲ್ಲಿ ಗಣಪತಿ. ಆಮೇಲೆ ಮತ್ತೆ ಅಕ್ಟೋಬರ್, ಮತ್ತೆ ಥ್ಯಾಕರೆ.

ಹುಣ್ಣಿಮೆ ನೋಡದೆ ದಿನಾಂಕ ಇಟ್ಟರೆ ಏನಾಗುತ್ತದೆಂದು ಒಂದು ಸಲ ಗೊತ್ತಾಯಿತು. ಕೂಟ ಸವದತ್ತಿಯಲ್ಲಿ. ರಾಮದುರ್ಗದಿಂದ ಹೊರಟ ಓದುಗರು ಹತ್ತಿದ ಬಸ್ಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಎಲ್ಲಮ್ಮನ ಗುಡ್ಡಕ್ಕೆ ಹೊರಟವರು. ಚೌಡಿಕೆ ನುಡಿಯುತ್ತಿತ್ತು, ‘ಉಧೋ ಉಧೋ’ ಬಸ್ಸಿನ ತಗಡು ನಡುಗಿಸುತ್ತಿತ್ತು. ಸವದತ್ತಿ ಸ್ಟ್ಯಾಂಡಿನಲ್ಲಿ ಇಳಿಯಲು ಎದ್ದ ಓದುಗರಿಗೆ ಬಾಗಿಲ ತನಕ ಬರಲು ಆಗಲಿಲ್ಲ. ಜನ ಹತ್ತುವುದೇ ಹತ್ತುವುದು. ಹೀಗಾಗಿ ಅವರು ಸೀದಾ ಗುಡ್ಡಕ್ಕೆ ಹೋದರು, ಹೋದ ಮೇಲೆ ದರ್ಶನ ಬಿಡಬಾರದೆಂದು ಪಾಳಿಯಲ್ಲಿ ನಿಂತರು. ಅವರು ಸಭೆಗೆ ಬಂದಾಗ ವಂದನಾರ್ಪಣೆ ನಡೆದಿತ್ತು. ಹಣೆಯ ತುಂಬ ಭಂಡಾರ, ಕೈಯಲ್ಲಿ ಪ್ರಸಾದ. ಸಂಚಾಲಕರು ಮೈಕಿನಲ್ಲಿಯೇ, ‘ತಾಯಿ ಆಶೀರ್ವಾದ ತಗೊಂಡು ಬಂದಂಥಾ ರಾಮದುರ್ಗದ ಓದುಗ ಬಂಧುಗಳಿಗೆ ಹಾರ್ದಿಕ ಸ್ವಾಗತ’ ಎಂದು ಸ್ವಾಗತವನ್ನು ಮೊದಲಿಂದ ಶುರು ಮಾಡಿದರು.

ಇನ್ನು ಜಾಗದ ಮಾತು. ಗ್ರಂಥಾಲಯದಲ್ಲೇ ಮಾಡಬಹುದಲ್ಲ ಎಂದು ಹೊಸಬರು ಯಾರಾದರೂ ಕೇಳುತ್ತಾರೆ. ಕೇಳುವುದರಲ್ಲಿ ನ್ಯಾಯವಿದೆ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಆಸ್ತಿ ತೆರಿಗೆಯ ಜೊತೆ ನೂರಕ್ಕೆ ಆರರಂತೆ ಗ್ರಂಥಾಲಯ ಕರವನ್ನೂ ಕಟ್ಟುವವರು, ಆ ಕಟ್ಟಡ ಒಂದು ಲೆಕ್ಕದಲ್ಲಿ ನಮ್ಮದೇ. ಸಂಚಾಲಕರು ಒಪ್ಪುವುದಿಲ್ಲ. ‘ಅಲ್ಲಿ ಮಾತಾಡೂ ಹಂಗಿಲ್ರಿ. ಗೋಡಿ ಮ್ಯಾಲೆ ನಿಶ್ಶಬ್ದ ಅಂತ ಬರದಾರ. ಮೈಕ್ ಎಲ್ಲಿ ಹಚ್ಚೂದು?’

ಮೈಕಿಲ್ಲದ ಕೂಟವನ್ನೂ ಅವರು ಮಾಡಿ ನೋಡಿದ್ದಾರೆ, ಮೈಕು ಹಚ್ಚಿಯೇ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 2023ರಿಂದ ಶನಿವಾರಕ್ಕೊಮ್ಮೆ ಜನ ಚಾಪೆ ಹಾಸಿಕೊಂಡು ಯಾರ ಜೊತೆಯೂ ಮಾತಾಡದೆ ಕೂತು ಓದುತ್ತಾರೆಂದು ಮಗಳು ಫೋನಿನಲ್ಲಿ ತೋರಿಸಿದಳಂತೆ. ‘ನಮಗೇನ್ ಕಬ್ಬನ್ ಪಾರ್ಕ್ ಇಲ್ಲಂದ್ರೂ ಕಿತ್ತೂರ ಕೋಟಿ ಐತಲ್ಲ’ ಎಂದು ಹೊರಟೇಬಿಟ್ಟರು. ಕಾರ್ಯಕ್ರಮದ ಹೆಸರು ‘ಮೌನ ಓದು’. ಮೌನವನ್ನು ಉದ್ಘಾಟಿಸಲು ಒಬ್ಬ ಅತಿಥಿ ಬೇಕಲ್ಲ? ಬಂದರು. ಮೌನದ ಮಹತ್ವದ ಮೇಲೆ ಅವರು ಮಾತಾಡಿ ಮುಗಿಸುವಾಗ ಅರಮನೆಯ ಮುರುಕು ಗೋಡೆಯ ನೆರಳು ನಮ್ಮ ಚಾಪೆ ದಾಟಿ ಮುಂದೆ ಹೋಗಿತ್ತು. ಆಮೇಲೆ ಓದು. ವಸ್ತುಸಂಗ್ರಹಾಲಯ ನೋಡಲು ಬಂದ ಶಾಲೆಯ ಮಕ್ಕಳು ನಮ್ಮನ್ನೂ ನೋಡಿ ಹೋದರು. ಮುದುಕಿಯೊಬ್ಬಳು ಸೆರಗು ಬಾಯಿಗೆ ಇಟ್ಟುಕೊಂಡು, ‘ಯಾರ್ ತೀರಿಕೊಂಡಾರ ಯಪ್ಪಾ?’ ಎಂದು ಕೇಳಿದಳು. ಕಡೆಗೆ ಪಟಗ ಸುತ್ತಿದ ರೈತರೊಬ್ಬರು ಬಂದು ನಮ್ಮೆದುರು ನಿಂತರು.

‘ಧರಣಿ ಏನ್ರಿ?’

ಮೌನವಾದ್ದರಿಂದ ಯಾರೂ ಮಾತಾಡಲಿಲ್ಲ.

‘ಬೇಡಿಕಿ ಏನ್ ನಿಮ್ದು? ಕಬ್ಬಿನ ಬಿಲ್ಲಿಂದಾಗಿದ್ರ ನಾನೂ ಕುಂದರ್ತೀನಿ.’

ಸಂಚಾಲಕರು ಬಾಯಿಗೆ ಬೆರಳಿಟ್ಟು ಜಾಗ ತೋರಿಸಿ, ಕೈಗೊಂದು ಪುಸ್ತಕ ಕೊಟ್ಟರು. ಅದು ತೇಜಸ್ವಿಯವರ ‘ಕರ್ವಾಲೊ’. ಮಾವ ಪಟಗ ತೆಗೆದು ತೊಡೆಯ ಮೇಲಿಟ್ಟುಕೊಂಡು ಓದಲು ಕೂತ. ನಾವೆಲ್ಲ ಫೋನು ನೋಡಿ, ಕೈಕಾಲು ಜಾಡಿಸಿ, ಗೋಡೆಯ ಫೋಟೋ ತೆಗೆದು ಎದ್ದರೂ ಆತ ಏಳಲಿಲ್ಲ. ಊಟಕ್ಕೆ ಕರೆದರೆ, ‘ತಡೀರಿ, ಈ ಹಾರೂ ಓತಿ ಸಿಗತೈತೋ ಇಲ್ಲೋ ನೋಡತೀನಿ’ ಎಂದ. ಆತನ ಹೆಸರನ್ನೂ ನಂಬರನ್ನೂ ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದು ಮಾತ್ರ ಗದ್ದಲದಲ್ಲಿ ಯಾರಿಗೂ ನೆನಪಾಗಲಿಲ್ಲ.

ಸಂಚಾಲಕರಿಗೆ ಕೂಟ ಎಂದರೆ ಕಾರ್ಯಕ್ರಮ, ಕಾರ್ಯಕ್ರಮ ಎಂದರೆ ವೇದಿಕೆ. ಆಮಂತ್ರಣ ಪತ್ರಿಕೆಯಲ್ಲಿ ದಿವ್ಯ ಸಾನ್ನಿಧ್ಯ, ಸಮ್ಮುಖ, ಅಧ್ಯಕ್ಷತೆ, ಉದ್ಘಾಟನೆ, ಜ್ಯೋತಿ ಬೆಳಗುವವರು, ಭಾವಚಿತ್ರಕ್ಕೆ ಪುಷ್ಪಾರ್ಚನೆ ಮಾಡುವವರು, ಮುಖ್ಯ ಅತಿಥಿಗಳು, ಘನ ಉಪಸ್ಥಿತಿ ಎಂದು ಹೆಸರುಗಳು ಇಳಿಯುತ್ತ ಇಳಿಯುತ್ತ ಕೊನೆಗೆ ‘ಸರ್ವರಿಗೂ ಸ್ವಾಗತ’ ಎಂಬುದಕ್ಕೆ ಜಾಗವಿರದೆ ಅಂಚಿನಲ್ಲಿ ಅಡ್ಡ ಅಚ್ಚಾಗಿರುತ್ತದೆ. ಎಲ್ಲರೂ ಬಂದ ದಿನ ವೇದಿಕೆ ತುಂಬಿ ಕೆಳಗಿನ ಖುರ್ಚಿಗಳು ಖಾಲಿ ಉಳಿಯುತ್ತವೆ. ಆಗ ಸಂಚಾಲಕರು ಘನ ಉಪಸ್ಥಿತಿಯವರಲ್ಲಿ ಮೂವರನ್ನು ಕೈಮುಗಿದು ಕೆಳಗೆ ಇಳಿಸುತ್ತಾರೆ.

ಭಾವಚಿತ್ರ ಯಾರದ್ದು ಎಂಬುದರ ಮೇಲೆ ಒಂದು ಇಡೀ ಪೂರ್ವಭಾವಿ ಸಭೆ ಖರ್ಚಾಗಿದೆ. ಕಿತ್ತೂರಿನವರು ಚೆನ್ನಮ್ಮ ಎಂದರು. ಒಬ್ಬರು ಬೇಂದ್ರೆ ಎಂದರು. ಜಿಲ್ಲೆಯವರೇ ಇರಲಿ ಎಂದು ಬಸವರಾಜ ಕಟ್ಟೀಮನಿಯವರ ಹೆಸರು ಬಂತು, ಬೆಟಗೇರಿ ಕೃಷ್ಣಶರ್ಮರ ಹೆಸರೂ ಬಂತು. ಇಬ್ಬರೂ ಗೋಕಾಕ ಸೀಮೆಯವರು, ನಮ್ಮ ನಾಲ್ಕು ತಾಲೂಕಿನವರಲ್ಲ ಎಂಬ ತಕರಾರು ಎದ್ದಿತು. ಕಡೆಗೆ ತಾಲೂಕಿಗೊಂದರಂತೆ ನಾಲ್ಕು ಫೋಟೋ, ನಾಲ್ಕು ಹಾರ. ದೀಪದ ವಿಷಯದಲ್ಲಂತೂ ರಾಜಿಯೇ ಇಲ್ಲ. ‘ಹಚ್ಚೇವು ಕನ್ನಡದ ದೀಪ’ ಬರೆದ ಡಿ.ಎಸ್. ಕರ್ಕಿಯವರು ನಮ್ಮ ಜಿಲ್ಲೆಯವರು, ಅವರ ನಾಡಿನಲ್ಲಿ ದೀಪ ಹಚ್ಚದೆ ಮಾತು ಶುರು ಮಾಡುವುದುಂಟೇ? ನವಿಲುತೀರ್ಥದ ಆಣೆಕಟ್ಟಿನ ಮೇಲಿಂದ ಬರುವ ಗಾಳಿಗೆ ಕನ್ನಡದ ಈ ಹಳೇ ಅಭಿಮಾನ ತಿಳಿಯದು. ಐದು ಬತ್ತಿಯೂ ಒಟ್ಟಿಗೆ ಉರಿದ ಫೋಟೋ ಇದುವರೆಗೆ ಸಿಕ್ಕಿಲ್ಲ. ಔಷಧಿ ಶೀಸೆಯ ಎಣ್ಣೆ ಮುಗಿಯುವ ತನಕ ಪ್ರಯತ್ನ ನಡೆಯುತ್ತದೆ.

ಪ್ರಾಸ್ತಾವಿಕ ಮಾತು ಸಂಚಾಲಕರದೇ. ಅದನ್ನು ಅವರು ಯಾರಿಗೂ ಬಿಟ್ಟುಕೊಡುವುದಿಲ್ಲ. 1764ರಲ್ಲಿ ಲಂಡನ್ನಿನಲ್ಲಿ ಡಾಕ್ಟರ್ ಜಾನ್ಸನ್ ಮತ್ತು ಗೆಳೆಯರು ಒಂಬತ್ತೇ ಜನ ಸೇರಿ ಕ್ಲಬ್ಬು ಕಟ್ಟಿದರು, ವಾರಕ್ಕೊಂದು ರಾತ್ರಿ ಊಟಕ್ಕೆ ಕೂಡುತ್ತಿದ್ದರು ಎಂಬಲ್ಲಿಂದ ಶುರುವಾಗಿ, ಬೇಂದ್ರೆಯವರ ಗೆಳೆಯರ ಗುಂಪಿಗೆ ಬಂದು, ಜಿ.ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆಯ ಅಟ್ಟ ಏರುತ್ತದೆ. ಧಾರವಾಡದ ಆ ಅಟ್ಟದಲ್ಲಿ ಎಂಥೆಂಥವರು ಕಾಲು ಮಡಚಿ ಕೂತು ಹರಟಿದರು ಎಂದು ಹೇಳುವಾಗ ಅವರ ಗಂಟಲು ಕಟ್ಟುತ್ತದೆ. ನನಗೂ ಕಟ್ಟುತ್ತದೆ. ಆದರೆ ಇಳಿದು ಬಂದ ಮೇಲೆ ಅವರು ನನ್ನ ಕಿವಿಯಲ್ಲಿ ಕೇಳಿದ್ದೇ ಬೇರೆ. ‘ಅಷ್ಟ ಸಣ್ಣ ಅಟ್ಟದಾಗ ವೇದಿಕಿ ಎಲ್ಲಿ ಹಾಕ್ತಿದ್ರೋ ಏನೋ.’

ಊಟದ ವಿಷಯದಲ್ಲಿ ಮಾತ್ರ ಸಂಚಾಲಕರನ್ನು ಮೀರಿಸುವವರಿಲ್ಲ. ಗಿರಮಿಟ್, ಮಿರ್ಚಿಭಜಿ ಎಂದರೆ ಬರುವವರು ಹನ್ನೊಂದು ಜನ. ಖಡಕ್ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗೋಧಿ ಹುಗ್ಗಿ ಎಂದರೆ ಓದು ಬಾರದ ಮೈದುನರನ್ನೂ ಕರೆದುಕೊಂಡು ಬರುತ್ತಾರೆ. ಇಷ್ಟು ತಲೆಗೆ ಇಷ್ಟು ರೊಟ್ಟಿ ಎಂಬ ಅವರ ಲೆಕ್ಕ ಎಂದೂ ತಪ್ಪಿಲ್ಲ. ಕಾದಂಬರಿಗಳ ಮೇಲಿನ ಗೋಷ್ಠಿಗೆ ಎಷ್ಟು ಜನ ಉಳಿಯುತ್ತಾರೆ ಎಂಬ ಲೆಕ್ಕವೂ ತಪ್ಪಿಲ್ಲ. ಅದಕ್ಕೇ ಅವರು ಗೋಷ್ಠಿಯನ್ನು ಊಟಕ್ಕಿಂತ ಮೊದಲು ಇಡುತ್ತಾರೆ, ಅಡುಗೆಮನೆಯ ಬಾಗಿಲು ಹಾಕಿಸಿ.

2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಈ ಕೂಟದ ಬಣ್ಣ ಬದಲಾಯಿತು. ರಾಮದುರ್ಗ, ಸುರೇಬಾನದ ಕಡೆಯಿಂದ ಅಕ್ಕಂದಿರು ಬರತೊಡಗಿದರು. ಆಗ ನಮಗೆ ಗೊತ್ತಾದದ್ದು ಏನೆಂದರೆ, ನಿಜವಾಗಿ ಓದುತ್ತಿದ್ದವರು ಇವರು. ಇಷ್ಟು ದಿನ ನಾವು ಗಂಡಸರು ಕೂಡಿ ಓದುವುದರ ಬಗ್ಗೆ ಮಾತಾಡುತ್ತಿದ್ದೆವು. ಪರಿಚಯದ ಸಮಯದಲ್ಲಿ ಗಂಡಸರೆಲ್ಲ ‘ಓದು ಬದುಕಿಗೆ ದಾರಿ’ ಎಂದು ಎರಡೆರಡು ಮಾತು ಹೇಳಿ ಕೂತರು. ಬೂಕರ್ ಬಂದ ಮೇಲೆ ಬಾನು ಮುಷ್ತಾಕರ ಹೆಸರನ್ನು ಎಲ್ಲರೂ ಹೇಳಿದರು, ಕತೆಯ ಹೆಸರನ್ನು ಯಾರೂ ಹೇಳಲಿಲ್ಲ. ಆಮೇಲೆ ರಾಮದುರ್ಗದ ಅಕ್ಕ ಒಬ್ಬರು ಎದ್ದರು. ಮನೆಯಲ್ಲಿ ಮಗ್ಗ ಇರುವವರು, ಸೀರೆ ನೇಯುವ ನಡುವೆ ಓದುವವರು. ಸೆರಗು ಸರಿಮಾಡಿಕೊಂಡು ಹೇಳಿದರು.

‘ನಾ ಮಲೆಗಳಲ್ಲಿ ಮದುಮಗಳು ಓದೇನ್ರಿ. ಕಡೀಕ ಆ ಗುತ್ತಿ ನಾಯಿ, ಹುಲಿಯಾ, ಹೊಳಿಪಾಲ ಆಕ್ಕೈತಲ್ರಿ, ಎರಡ ದಿನಾ ನನಗ ಕೂಳ ಸೇರಲಿಲ್ರಿ. ನಮ್ಮ ಯಜಮಾನ್ರು, ಯಾರ್ ಸತ್ತಾರ ಅಂತ ಅಳಾಕತ್ತೀ ಅಂದ್ರು. ನಾಯಿ ಅಂದೆ. ಯಾರ ಮನಿದು ಅಂದ್ರು. ಕುವೆಂಪು ಅವರ ಮನಿದು ಅಂದೆ. ಅದಕ್ಕ ಅವ್ರು...’

ಸಂಚಾಲಕರು ಕೈಗಡಿಯಾರ ನೋಡಿ ಎದ್ದು ನಿಂತರು. ‘ಸಮಯದ ಅಭಾವ ಇರೂದ್ರಿಂದ ಅಕ್ಕಾರು ದಯಮಾಡಿ ಕುಂದರಬೇಕು. ಈಗ ಸನ್ಮಾನ.’

ಯಜಮಾನರು ಅದಕ್ಕೆ ಏನೆಂದರು ಎಂಬುದು ಇಂದಿಗೂ ನನ್ನನ್ನು ಕಾಡುತ್ತಿದೆ.

ಸನ್ಮಾನಕ್ಕೆ ಒಂದು ಪುಸ್ತಕವಿದೆ. 2021ರ ಆಗಸ್ಟಿನಲ್ಲಿ ಸರ್ಕಾರ ತನ್ನ ಸಮಾರಂಭಗಳಲ್ಲಿ ಹಾರ-ತುರಾಯಿ ಬೇಡ, ಕನ್ನಡ ಪುಸ್ತಕ ಕೊಡಿ ಎಂದು ಆದೇಶ ಮಾಡಿತಲ್ಲ, ಅದು ನಮ್ಮ ಕೂಟಕ್ಕೆ ಅನ್ವಯಿಸದಿದ್ದರೂ ಸಂಚಾಲಕರು ಅಂದೇ ಒಂದು ಪುಸ್ತಕ ಕೊಂಡರು. ಕಟ್ಟೀಮನಿಯವರ ‘ಮಾಡಿ ಮಡಿದವರು’. 1942ರ ಚಳವಳಿಯ ಕಾದಂಬರಿ. ಅತಿಥಿಗಳು ಅದನ್ನು ಎರಡೂ ಕೈಯಿಂದ ಇಸಿದುಕೊಂಡು ಫೋಟೋಕ್ಕೆ ನಿಂತು, ‘ಇದು ಇಲ್ಲ್ಯೇ ಇರ್ಲಿ, ನಾಕು ಜನ ಓದ್ಲಿ’ ಎಂದು ದೊಡ್ಡ ಮನಸ್ಸಿನಿಂದ ಟೇಬಲ್ಲಿನ ಮೇಲೆ ಬಿಟ್ಟು ಹೋಗುತ್ತಾರೆ. ಮುಂದಿನ ಕೂಟಕ್ಕೆ ಮೊದಲ ಪುಟದ ಮೇಲೆ ಹೊಸ ಬಿಳಿ ಚೀಟಿ ಅಂಟಿಸಿ ಹೊಸ ಹೆಸರು. ಚೀಟಿಯ ಮೇಲೆ ಚೀಟಿ ಬಿದ್ದು ಆ ಒಂದು ಹಾಳೆ ರಟ್ಟಿನಷ್ಟು ದಪ್ಪವಾಗಿದೆ. ಬೆಳಕಿಗೆ ಹಿಡಿದರೆ ಬೈಲಹೊಂಗಲದ ಪ್ರಾಚಾರ್ಯರ ಕೆಳಗೆ ಸವದತ್ತಿಯ ಡಾಕ್ಟರರೂ ಅವರ ಕೆಳಗೆ ಕಿತ್ತೂರಿನ ಹೋರಾಟಗಾರರೂ ಮಸುಕಾಗಿ ಕಾಣುತ್ತಾರೆ. ಒಳಗಿನ ಪುಟಗಳು ಮಾತ್ರ ಅಂಗಡಿಯಿಂದ ತಂದ ದಿನದಂತೆಯೇ ಅಂಟಿಕೊಂಡಿದ್ದವು.

ಕಳೆದ ಸಲ ಕೂಟ ಬೈಲಹೊಂಗಲದಲ್ಲಿತ್ತು. ಮುಂದಿನದು ರಾಮದುರ್ಗದಲ್ಲಿ ಎಂದಾದ್ದರಿಂದ ಪುಸ್ತಕ, ದೀಪದ ಸಮೆ, ನಾಲ್ಕು ಭಾವಚಿತ್ರಗಳನ್ನು ರಾಮದುರ್ಗದ ಅಕ್ಕನವರ ಕೈಯಲ್ಲಿ ಬಸ್ಸಿಗೆ ಏರಿಸಿ ಕಳಿಸಿದರು. ‘ಜ್ವಾಕಿ ರೀ ಅಕ್ಕಾರ, ಸನ್ಮಾನದ ಸಾಮಾನು.’

ಮುಂದಿನ ಪೂರ್ವಭಾವಿ ಸಭೆಗೆ ಅಕ್ಕ ಅದನ್ನೆಲ್ಲ ತಿರುಗಿ ತಂದುಕೊಟ್ಟರು, ಯಾಕೆಂದರೆ ದಿನಾಂಕ ಮತ್ತೆ ತಪ್ಪಿತ್ತು. ಸಂಚಾಲಕರು ಹೊಸ ಚೀಟಿ ಅಂಟಿಸಲೆಂದು ಪುಸ್ತಕ ಬಿಚ್ಚಿದರು. ಬಿಚ್ಚಿದವರು ಹಾಗೇ ಪುಟ ತಿರುವತೊಡಗಿದರು. ಅಂಚಿನಲ್ಲಿ ಅಲ್ಲಲ್ಲಿ ಪೆನ್ಸಿಲಿನ ಗುರುತು. ಮೊದಲ ಅಧ್ಯಾಯದ ಕೊನೆಗೆ ‘ಮುರಗೋಡ’. ಇನ್ನಷ್ಟು ಪುಟ ದಾಟಿ ‘ಯರಗಟ್ಟಿ, ಬಸ್ ನಿಂತೇತಿ’. ಮುಂದೆ ‘ಕಟಕೋಳ’. ಅದರ ಮುಂದೆ ಊರ ಹೆಸರಿಲ್ಲ, ಬರೀ ಗೀಟುಗಳು, ಒಂದು ಕಡೆ ‘ಅಯ್ಯ ಪಾಪ’, ಇನ್ನೊಂದು ಕಡೆ ‘ಇಂವಾ ಖರೇ ಹೇಳ್ಯಾನ’. ಕೊನೆಯ ಪುಟದಲ್ಲಿ ಅರಿಷಿಣದ ಒಂದು ಬೆರಳಿನ ಗುರುತು.

ಸಂಚಾಲಕರ ಮುಖ ಕೆಂಪಾಯಿತು. ‘ನೋಡ್ರಿ, ನೋಡ್ರಿ ಇದನ್ನ! ಯಾರೋ ಓದಿಬಿಟ್ಟಾರ! ಇನ್ನ ಮುಖ್ಯ ಅತಿಥಿಗಳಿಗೆ ಹೆಂಗ ಕೊಡೂದು?’

ಅಕ್ಕ ಚಹಾದ ಬಟ್ಟಲಿನಲ್ಲಿ ಮುಖ ಇಟ್ಟುಕೊಂಡು ಕೂತಿದ್ದರು. ಸಂಚಾಲಕರು ಬ್ಯಾಗು ತಡಕಾಡಿ ರಬ್ಬರು ತೆಗೆದು, ಉಫ್ ಎಂದು ಊದಿ, ಮುರಗೋಡದಿಂದ ಅಳಿಸತೊಡಗಿದರು.